ಪಕ್ಷಮಾಸದಲ್ಲಿ ತೆರೆಯದ ಡಬ್ಬಿಗಳು

ಚಾತುರ್ಮಾಸ ಬಂತೆಂದರೆ ಸವಣೂರಿನ ಆ ಮನೆಯಲ್ಲಿ ತಿಂಗಳುಗಳು ಗುರುತಾಗುತ್ತಿದ್ದುದು ತಟ್ಟೆಯಲ್ಲಿ ಏನಿಲ್ಲ ಎಂಬುದರಿಂದ. ಮೊದಲ ತಿಂಗಳು ಕಾಯಿಪಲ್ಲೆ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಯಿಲ್ಲ. ವ್ರತ ಹಿಡಿದವರು ಅಜ್ಜಿ ಗೋಪಿಕಾಬಾಯಿ ಒಬ್ಬರೇ. ಆದರೆ ಒಲೆ ಒಂದೇ ಆದ್ದರಿಂದ ಮನೆಮಂದಿಗೆಲ್ಲ ಅದೇ ಊಟ. ಆ ವರ್ಷ ಕಾಯಿಪಲ್ಲೆ ಬಿಟ್ಟ ತಿಂಗಳಲ್ಲಿ ಇನ್ನೊಂದೂ ಇಲ್ಲವಾಯಿತು. ಊಟದ ಪಂಕ್ತಿಯಲ್ಲಿ ಮೊಮ್ಮಗ ಆಕಾಶ ಕಾಣಲಿಲ್ಲ.

ಹುಬ್ಬಳ್ಳಿಯ ಹಾಸ್ಟೆಲ್ಲಿನಲ್ಲಿದ್ದು ಪ್ರವೇಶ ಪರೀಕ್ಷೆಗೆ ಓದುತ್ತಿದ್ದ ಮಗ, ವರ್ಷ ಅರ್ಧಕ್ಕೂ ಬರುವ ಮುಂಚೆ ಒಂದು ದಿನ ಟ್ರಂಕು ಹಿಡಿದುಕೊಂಡು ಮನೆಗೆ ಬಂದಿದ್ದ. ಅಪ್ಪ ಸುಶೀಂದ್ರ ಬಂಕಾಪುರದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಊರ ಮಕ್ಕಳಿಗೆಲ್ಲ ಲೆಕ್ಕ ಕಲಿಸುವವನ ಮಗ ಲೆಕ್ಕಕ್ಕೆ ಹೆದರಿ ಓಡಿ ಬಂದ ಎಂದು ಯಾರೂ ಎದುರಿಗೆ ಅನ್ನಲಿಲ್ಲ. ಅಂದಿದ್ದರೆ ಒಂದು ಜಗಳವಾಗಿ ಮುಗಿದುಹೋಗುತ್ತಿತ್ತೇನೋ. ಸುಶೀಂದ್ರ ಕೇಳಿದ್ದು ಒಂದೇ ಮಾತು, "ಮುಂದ?" ಆಕಾಶ ಕೊಟ್ಟ ಉತ್ತರವೂ ಒಂದೇ, "ಗೊತ್ತಿಲ್ಲ." ಆಮೇಲೆ ಅಪ್ಪ ಮಗ ಮಾತು ಬಿಟ್ಟರು. ಮಗ ತಟ್ಟೆ ಹಿಡಿದುಕೊಂಡು ಮಾಳಿಗೆ ಹತ್ತಿದ. ತಾಯಿ ವೃಂದಾ ಎರಡನೆಯ ಸಲ ಅನ್ನ ಬಡಿಸಲು ದಿನಾಲೂ ಪಾತ್ರೆ ಹಿಡಿದು ಮೆಟ್ಟಿಲು ಹತ್ತತೊಡಗಿದಳು.

ಶ್ರಾವಣದ ಒಂದು ಮಧ್ಯಾಹ್ನ ಹಾಗೆ ಹತ್ತುವಾಗಲೇ ಅವಳಿಗೆ ಮಗನ ನಗು ಕೇಳಿಸಿತು. ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು. ಫೋನಿನಲ್ಲಿ ಯಾರಿಗೋ ಬೈಯುತ್ತ ನಗುತ್ತಿದ್ದ.

"ಯಾರ ಜೋಡಿ ನಗಲಿಕ್ಕತ್ತಿದ್ದೀ?" ಒಳಗೆ ಹೋಗಿ ಕೇಳಿದಳು.

"ಆಸೀಮನ ಜೋಡಿ. ಅವನ ಹಳೇ ಗ್ರಾಫಿಕ್ಸ್ ಕಾರ್ಡ್ ಮಾರತಾನಂತ."

"ನನಗ ಗೊತ್ತಿದ್ದದ್ದು ರೇಷನ್ ಕಾರ್ಡ್ ಒಂದ."

ಆಕಾಶ ಮತ್ತೆ ನಕ್ಕ. ವೀಳ್ಯದೆಲೆ ಅಂಗಡಿ ಶೇಖಸಾಬರ ಮಗ ಆಸೀಮ ಅವನ ಜೊತೆ ಪ್ರಾಥಮಿಕ ಶಾಲೆಯಿಂದ ಓದಿದವನು. ಆಟ ಆಡುವ ಕಂಪ್ಯೂಟರನ್ನು ಅಂಗಡಿಯಿಂದ ಇಡಿಯಾಗಿ ತರುವುದಿಲ್ಲ, ಒಂದೊಂದು ಭಾಗ ಆರಿಸಿ ನಾವೇ ಜೋಡಿಸಿಕೊಂಡರೆ ಕಡಿಮೆ ರೊಕ್ಕದಲ್ಲಿ ಒಳ್ಳೆಯದಾಗುತ್ತದೆ ಎಂದು ಮಗ ಹೇಳತೊಡಗಿದ. ಆಟದ ಚಿತ್ರ ಮೂಡಿಸುವುದು ಗ್ರಾಫಿಕ್ಸ್ ಕಾರ್ಡ್ ಎಂದ, ಪ್ರೊಸೆಸರ್ ಎಂದ, ಬೋರ್ಡು ಎಂದ, ರ್‍ಯಾಮ್ ಎಂದ. ಪಾತ್ರೆಯ ಅನ್ನ ಆರಿತು. ವೃಂದಾಗೆ ಅರ್ಧ ತಿಳಿಯಲಿಲ್ಲ. ತಿಳಿಯದ ಮಾತಾದರೂ ಮಗನ ಬಾಯಿಂದ ಬರುತ್ತಿತ್ತಲ್ಲ, ಅಷ್ಟು ಸಾಕಾಗಿತ್ತು ಅವಳಿಗೆ.

ಸಂಜೆ ಗಂಡ ಕೈಕಾಲು ತೊಳೆದು ಕೂತಾಗ ವಿಷಯ ತೆಗೆದಳು. ಹಾಸ್ಟೆಲ್ಲಿನವರು ತಿರುಗಿ ಕೊಟ್ಟ ಫೀಯಲ್ಲಿ ನಲವತ್ತು ಸಾವಿರ ಉಳಿದಿತ್ತು.

"ಓದಲಿ ಅಂತ ಕಟ್ಟಿದ ರೊಕ್ಕ ಅದು, ವೃಂದಾ. ಅದರಾಗ ಆಟದ ಸಾಮಾನು ಕೊಡಸಬೇಕೇನು?"

"ಓದೋದಂತೂ ಬಿಟ್ಟಾನ್ರಿ. ಮಾತೂ ಬಿಟ್ಟರ ಏನು ಮಾಡೋಣು?"

ಸುಶೀಂದ್ರ ಟವೆಲ್ಲಿನಿಂದ ಎರಡೂ ಕಾಲು ಒರೆಸಿ ಮುಗಿಸಿದ. ಕಡೆಗೆ ಅಂದ, "ಕೊಡಸತೇನಿ. ಆದ್ರ ಮ್ಯಾಲೆ ಕೂತು ಆರಿಸೋದಲ್ಲ. ಕೆಳಗ ಬಂದು ಪಂಕ್ತಿಯೊಳಗ ಕೂತು, ಯಾವುದು ಯಾಕ ಬೇಕು ಅಂತ ನನಗ ತಿಳಿಸಿ ಹೇಳಬೇಕು. ನನಗ ತಿಳೀಲಿಲ್ಲಂದ್ರ ಇಲ್ಲ."

ಮರುದಿನ ರಾತ್ರಿಯ ಊಟಕ್ಕೆ ಆಕಾಶ ಕೆಳಗೆ ಬಂದ. ಗೋಪಿಕಾಬಾಯಿ ಗೋಡೆಯ ಹತ್ತಿರ ತಮ್ಮ ಮಣೆಯ ಮೇಲೆ ಜಪಮಾಲೆ ಹಿಡಿದು ಕೂತಿದ್ದರು. ಎಂಟನೇ ಇಯತ್ತೆಯ ತಂಗಿ ಸುಮೇಧಾ, "ಅಣ್ಣ ಮ್ಯಾಲಿನ ಲೋಕದಿಂದ ಇಳದು ಬಂದಾನ, ಎಲ್ಲಾರೂ ಎದ್ದು ನಿಂದರ್ರಿ," ಎಂದಳು.

"ಬಾಯಿ ಮುಚ್ಚಿ ಉಣ್ಣು," ಎಂದಳು ವೃಂದಾ. ಆದರೆ ಮೊದಲ ತಟ್ಟೆಯನ್ನು ಮಗನ ಎದುರಿಗೇ ಹಾಕಿದಳು.

ಮೊಸರು ಬಿಟ್ಟ ತಿಂಗಳು ಪೂರ್ತಿ ಆ ಪಂಕ್ತಿ ಹೀಗೆ ನಡೆಯಿತು. ಮಗ ಬಿಡಿಭಾಗಗಳ ಹೆಸರು ಹೇಳುವುದು, ಅಪ್ಪ ಪಾಟೀ ಸವಾಲು ಹಾಕುವುದು.

"ಪ್ರೊಸೆಸರ್ ಅಂದ್ರ ಬುದ್ಧಿ. ಬೋರ್ಡು ಅಂದ್ರ ಅದು ಕೂಡೋ ಮನಿ. ಎಲ್ಲಾ ಬೋರ್ಡಿಗೂ ಎಲ್ಲಾ ಪ್ರೊಸೆಸರ್ ಕೂಡೂದುಲ್ಲ ಅಪ್ಪಾ, ಜೋಡಿ ನೋಡಿ ತರಬೇಕು."

"ಅಂದ್ರ ಗೋತ್ರ ನೋಡಬೇಕೇನು?" ಗೋಪಿಕಾಬಾಯಿ ಜಪಮಾಲೆ ನಿಲ್ಲಿಸಿ ಕೇಳಿದರು.

"ಹೂಂ ಅಜ್ಜಿ. ಆದ್ರ ಇಲ್ಲಿ ಇಬ್ಬರದೂ ಒಂದ ಗೋತ್ರ ಇರಬೇಕು."

"ಶಿವಶಿವಾ! ಸಗೋತ್ರದಾಗ ಲಗ್ನ ಮಾಡಿದ್ರ ಅದೆಂಥಾ ಯಂತ್ರ ಆದೀತೋ."

ಸುಶೀಂದ್ರ ನಕ್ಕಿದ್ದನ್ನು ಎಲ್ಲರೂ ನೋಡಿದರು. ಅವನು ತಲೆ ತಗ್ಗಿಸಿ ಸಾರು ಸುರಿದುಕೊಂಡ.

ಪರದೆಯ ವಿಷಯ ಬಂದಾಗ ರೊಕ್ಕ ಸಾಲದೆ ಹೋಯಿತು. ಆಗ ದಾರಿ ಹೇಳಿದವಳು ವೃಂದಾ. "ಪಡಸಾಲ್ಯಾಗಿನ ಟೀವಿಗೇ ಹಚ್ಚಲಿಕ್ಕೆ ಬರೂದುಲ್ಲೇನು?" ಬರುತ್ತದೆ ಎಂದ ಆಕಾಶ. ಟೀವಿ ಪಡಸಾಲೆಯಲ್ಲಿದ್ದರೆ ಕಂಪ್ಯೂಟರೂ ಪಡಸಾಲೆಯಲ್ಲಿ, ಅಂದಮೇಲೆ ಮಗನೂ ಪಡಸಾಲೆಯಲ್ಲಿ. ಈ ಲೆಕ್ಕವನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಸಂಜೆ ಏಳರಿಂದ ಎಂಟರವರೆಗೆ ಟೀವಿ ಅಜ್ಜಿಯ ಪ್ರವಚನಕ್ಕೆ ಎಂದು ಕರಾರಾಯಿತು.

ನಿಜವಾದ ಜಗಳ ಆದದ್ದು ಕರೆಂಟು ಹಂಚುವ ಡಬ್ಬಿಯ ಸಲುವಾಗಿ. ಎಲ್ಲ ಭಾಗಗಳಿಗೂ ಅದರಿಂದಲೇ ಕರೆಂಟು ಹೋಗಬೇಕು. ಆಕಾಶ ತುಟ್ಟಿಯದು ಬೇಕೆಂದ. ಸುಶೀಂದ್ರ ಅರ್ಧ ಬೆಲೆಯದು ತೋರಿಸಿದ.

"ಇದೂ ಕರೆಂಟ ಕೊಡತದ, ಅದೂ ಕರೆಂಟ ಕೊಡತದ. ಯಾರು ಒಳಗ ಬಗ್ಗಿ ನೋಡತಾರ?"

"ನಮ್ಮೂರಾಗ ಕರೆಂಟ ಹೆಂಗ ಬರತದ ನಿಮಗ ಗೊತ್ತಿಲ್ಲೇನು? ಹೋದ ವರ್ಷ ಮಿಕ್ಸರ್ ಸುಟ್ಟಿತ್ತು, ಫ್ಯಾನು ಸುಟ್ಟಿತ್ತು. ಇದರಾಗ ಉಳಸಿದ್ರ ಉಳದದ್ದೆಲ್ಲಾ ಹೋಗತದ!"

"ದನಿ ಇಳಸು."

"ಇಳಸತೇನಿ. ಆದ್ರ ಅದು ಬ್ಯಾಡ."

ವೃಂದಾ ಹುಳಿಯ ಸೌಟು ಹಿಡಿದು ಹಾಗೇ ನಿಂತಳು. ಈಗ ಮಗ ಎದ್ದು ಹೋಗುತ್ತಾನೆ ಎಂದುಕೊಂಡಳು. ಸುಶೀಂದ್ರ ತಟ್ಟೆಯನ್ನೇ ನೋಡುತ್ತ, "ಮಿಕ್ಸರಿಂದು ಖರೇ ಅದ," ಎಂದ. "ಇದನ್ನೆಲ್ಲಾ ಕೂಡಸೋ ಪೆಟ್ಟಗಿ ಅಗ್ಗದ್ದು ತಗೋ ಹಂಗಾರ."

"ಪೆಟ್ಟಗಿ ಗಾಜಿಂದು ಬೇಕು ಅಪ್ಪಾ. ಒಳಗ ದೀಪ ಕಾಣಬೇಕು," ಎಂದ ಆಕಾಶ, ಹುಡುಗನ ಹಾಗೆ. ಅಪ್ಪ ಅದಕ್ಕೂ ಹೂಂ ಅಂದ. ಆಸೀಮ ತನ್ನ ಹಳೆಯ ಕಾರ್ಡನ್ನು ಮಿಠಾಯಿ ಡಬ್ಬಿಯಲ್ಲಿ ಹತ್ತಿ ಹಾಸಿ ತಂದುಕೊಟ್ಟ. ಕಟ್ಟೆಯ ಮೇಲೆ ಕೂತು ಅವಲಕ್ಕಿ ತಿನ್ನುತ್ತ, "ಉಳಿದ ಸಾಮಾನ ಬಂದ ದಿನಾನ ಬಿಚ್ಚಿ ನೋಡಲೇ. ಬಿಚ್ಚೂದು ವಿಡಿಯೋ ಮಾಡ್ಕೋ. ಏನರ ಒಡದಿದ್ರ ಹತ್ತ ದಿನದಾಗ ಬದ್ಲಿ ಕೊಡ್ತಾರ, ಆಮ್ಯಾಲೆ ಯಾಂವನೂ ಕೇಳೂದಿಲ್ಲ," ಎಂದ. ಒಳಗೆ ಚಹಾ ಸೋಸುತ್ತಿದ್ದ ವೃಂದಾಗೂ ಅದು ಕೇಳಿಸಿತು.

ಗಣೇಶನ ಹಬ್ಬದ ರಿಯಾಯಿತಿಯಲ್ಲಿ ತರಿಸಿದ ಡಬ್ಬಿಗಳು ದಾರಿಯಲ್ಲಿ ತಡವಾಗಿ, ಪಿತೃಪಕ್ಷದ ಮೊದಲ ದಿನ ಬಂದು ಬಾಗಿಲಲ್ಲಿ ಇಳಿದವು. ಆಗ ಹಾಲು ಬಿಟ್ಟ ತಿಂಗಳು. ಮನೆಯಲ್ಲೆಲ್ಲ ಕರೀ ಚಹಾ. ಗೋಪಿಕಾಬಾಯಿ ದೇವರ ಕೋಣೆಯಲ್ಲಿದ್ದರು. ಆಕಾಶ ಮೆಟ್ಟಿಲು ಹಾರುತ್ತ ಇಳಿದು ಬಂದು ಕತ್ತರಿ ಹುಡುಕಿದ.

ವೃಂದಾ ಆ ಕತ್ತರಿಯನ್ನು ಅವನ ಕೈಯಿಂದ ತೆಗೆದುಕೊಂಡಳು. "ಇವತ್ತ ಬ್ಯಾಡೋ. ಪಕ್ಷಮಾಸ ಸುರು ಆತು. ಹೊಸಾ ವಸ್ತು ಬಿಚ್ಚಬಾರದು. ಅಜ್ಜಿ ಬ್ಯಾಡಂದಾರ. ಖಂಡೇನವಮಿಗೆ ಪೂಜಾ ಮಾಡಿ ತಗಿಯೋಣಂತ."

"ಅಷ್ಟೊತ್ತಿಗೆ ಬದಲಿ ಕೊಡೋ ದಿನ ಮುಗದಿರತದಮ್ಮಾ. ಬರೇ ತಗದು ನೋಡಿ ಮುಚ್ಚಿಡತೇನಿ."

"ಈಗ ಎಲ್ಲಾ ಸಮಾ ಆಗಲಿಕ್ಕತ್ತದ ಮನ್ಯಾಗ. ಒಂದು ಡಬ್ಬಿ ಸಲುವಾಗಿ ಮತ್ತ ಕೆಡಸಬ್ಯಾಡ. ನನ್ನ ಮಾತು ಕೇಳು."

ಆಕಾಶ ಕೇಳಿದ. ಡಬ್ಬಿಗಳನ್ನು ತಾನೇ ಹೊತ್ತು ಅಟ್ಟಕ್ಕೇರಿಸಿದ.

ಗೋಪಿಕಾಬಾಯಿ ಬ್ಯಾಡ ಅಂದಿರಲಿಲ್ಲ. ಅವರನ್ನು ವೃಂದಾ ಕೇಳಿಯೇ ಇರಲಿಲ್ಲ. ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಏನನ್ನಾದರೂ ಕೇಳಿ 'ಬ್ಯಾಡ' ಅನ್ನಿಸಿಕೊಂಡು ನಾಲ್ಕು ಜನರೆದುರು ತಲೆ ತಗ್ಗಿಸಿದ್ದ ಅವಳು, ಕ್ರಮೇಣ ಆ 'ಬ್ಯಾಡ'ವನ್ನು ಮೊದಲೇ ಊಹಿಸಿ ತಾನೇ ಹೇಳಿಬಿಡುವುದನ್ನು ಕಲಿತಿದ್ದಳು. ಮಕ್ಕಳ ಪ್ರವಾಸ, ತವರಿನ ಮದುವೆ, ಕಿಡಕಿಯ ಪರದೆಯ ಬಣ್ಣ ಎಲ್ಲವೂ 'ಅಜ್ಜಿ ಬ್ಯಾಡಂತಾರ' ಎಂಬಲ್ಲಿಗೆ ಮುಗಿಯುತ್ತಿದ್ದವು. ಮಾತು ಒಪ್ಪವಾಗಿ ಮುಗಿಯುತ್ತಿತ್ತು, ಜಗಳವಿರುತ್ತಿರಲಿಲ್ಲ.

ಪಕ್ಷಮಾಸ ಅವಳು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಕಳೆಯಿತು. ಅಜ್ಜನ ತಿಥಿಗೆ ಆಕಾಶ ಬಾಳೆಎಲೆ ತಂದ, ದರ್ಭೆ ತಂದ, ಬ್ರಾಹ್ಮಣರಿಗೆ ನೀರು ಬಡಿಸಿದ. ರಾತ್ರಿ ಊಟವಾದ ಮೇಲೆ ಅಪ್ಪ ಮಗ ಒಂದೇ ಫೋನಿನ ಮೇಲೆ ಬಾಗಿ ಕಂಪ್ಯೂಟರ್ ಜೋಡಿಸುವ ವಿಡಿಯೋ ನೋಡುತ್ತಿದ್ದರು. "ಈ ಮನಷಾ ಸ್ಕ್ರೂ ತಿರುವೋದು ನೋಡಿದ್ರ ನಮ್ಮ ಹೆಡ್ಮಾಸ್ತರ ಸಹಿ ಮಾಡಿಧಂಗ ಅನಸತದ," ಎಂದು ಸುಶೀಂದ್ರ ಅಂದರೆ ಮಗ ನಗುತ್ತಿದ್ದ. ಪಾತ್ರೆ ತೊಳೆಯುತ್ತ ಕೇಳಿಸಿಕೊಳ್ಳುತ್ತಿದ್ದ ವೃಂದಾಗೆ ತಾನು ಮಾಡಿದ್ದು ಸರಿಯೆಂದೇ ಅನಿಸಿತು.

ಖಂಡೇನವಮಿಯ ದಿನ ಆಯುಧಪೂಜೆಗೆ ಇಳಿಗೆಮಣೆ, ಕತ್ತರಿ, ಸುಶೀಂದ್ರನ ಬೈಕು, ಹೊಸ ಮಿಕ್ಸರ್ ಎಲ್ಲ ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ನಿಂತಿದ್ದವು. ಮುಹೂರ್ತ ಮೀರುವುದರೊಳಗೆ ಆಗಲಿ ಎಂಬ ಅವಸರದಲ್ಲಿ ಆಕಾಶ ಮಣೆಯ ಮೇಲೆ ಭಾಗಗಳನ್ನು ಜೋಡಿಸಿದ. ಗೋಪಿಕಾಬಾಯಿ ಗಾಜಿನ ಪೆಟ್ಟಿಗೆಯ ಮೂಲೆಗೆ ಅರಿಷಿಣ ಕುಂಕುಮ ಇಟ್ಟರು. ಗುಂಡಿ ಒತ್ತಿದಾಗ ಫ್ಯಾನು ತಿರುಗಿತು, ಒಳಗೆ ನೀಲಿ ದೀಪ ಹತ್ತಿತು. ಸುಮೇಧಾ ಚಪ್ಪಾಳೆ ತಟ್ಟಿದಳು.

ಟೀವಿಯ ಮೇಲೆ ಮಾತ್ರ ಏನೂ ಬರಲಿಲ್ಲ.

ಬಿಚ್ಚಿದ, ಜೋಡಿಸಿದ. ಮತ್ತೆ ಬಿಚ್ಚಿದ. ನೈವೇದ್ಯವಾಯಿತು, ಹೋಳಿಗೆ ಆರಿತು, ಯಾರೂ ಊಟಕ್ಕೆ ಏಳಲಿಲ್ಲ. ಕಡೆಗೆ ಪ್ರೊಸೆಸರ್ ಎತ್ತಿ ಫೋನಿನ ಬೆಳಕು ಬಿಟ್ಟು ನೋಡಿದರೆ, ಬೋರ್ಡಿನ ಮೇಲೆ ಅದು ಕೂಡುವ ಜಾಗದ ಸೂಜಿಮೊನೆಯಂಥ ಪಿನ್ನುಗಳಲ್ಲಿ ಒಂದು ಮೂಲೆಯವು ಮಲಗಿಬಿಟ್ಟಿದ್ದವು.

"ಬಗ್ಗಾವ," ಎಂದ ಆಕಾಶ. "ಬರೋವಾಗಲೇ ಬಗ್ಗಿರಬೇಕು."

"ಅಥವಾ ನೀನ ಈಗ ಬಗ್ಗಸಿರಬೇಕು," ಎಂದ ಸುಶೀಂದ್ರ. ಹಸಿವೆಯೂ ನಿರಾಸೆಯೂ ಕೂಡಿದ ದನಿ. "ಅವಸರ ಅವಸರ ಕೂಡಿಸಿದಿ. ಯಾವ ಕೆಲಸಾನೂ ಪೂರಾ ಮಾಡಿ ಗೊತ್ತಿಲ್ಲ ನಿನಗ. ಅಲ್ಲಿನೂ ಅಷ್ಟ, ಇಲ್ಲಿನೂ ಅಷ್ಟ."

ಆಕಾಶ ಬೋರ್ಡನ್ನು ಮಣೆಯ ಮೇಲಿಟ್ಟ. "ಬಂದ ದಿನಾನ ತಗದು ವಿಡಿಯೋ ಮಾಡಿದ್ರ ಗೊತ್ತಾಗತಿತ್ತು ಯಾರು ಬಗ್ಗಸಿದ್ರು ಅಂತ. ತಗಿಯಲಿಕ್ಕೆ ಬಿಟ್ರೇನು ನನಗ? ಅಜ್ಜಿ ಪಕ್ಷಮಾಸ ಅಂದ್ರು. ಈಗ ನಾ ಏನು ತೋರಸಲಿ ನಿಮಗ?"

ಸುಶೀಂದ್ರ ತಾಯಿಯ ಕಡೆ ತಿರುಗಿದ. "ಅವ್ವಾ, ಡಬ್ಬಿ ಬಿಚ್ಚಬ್ಯಾಡ ಅಂದಿದ್ದಿಯೇನು?"

ಗೋಪಿಕಾಬಾಯಿ ಏನೋ ಹೇಳಲು ಬಾಯಿ ತೆರೆದರು. ಅವರ ಕಣ್ಣು ಮಗನನ್ನು ದಾಟಿ, ಅಡಿಗೆಮನೆಯ ಬಾಗಿಲಲ್ಲಿ ನಿಂತ ಸೊಸೆಯ ಮೇಲೆ ಬಿತ್ತು. ವೃಂದಾ ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಅಂದಿದ್ದೆ," ಎಂದರು ಗೋಪಿಕಾಬಾಯಿ. "ನಾನ ಅಂದಿದ್ದೆ."

ಆಕಾಶ ಎದ್ದು ಮಾಳಿಗೆ ಹತ್ತಿದ. ಹಬ್ಬದ ಊಟಕ್ಕೆ ಇಳಿದು ಬರಲಿಲ್ಲ.

ಅಡಿಗೆಮನೆಯಲ್ಲಿ ಇಬ್ಬರೇ ಆದಾಗ ವೃಂದಾ ಕೇಳಿದಳು, "ಯಾಕ ಹಂಗಂದ್ರಿ, ಅತ್ತ್ಯಾರ?"

"ನನ್ನ ಮ್ಯಾಲೆ ಸಿಟ್ಟಾದ್ರ ಹುಡುಗ ಮುದುಕಿ ಅಂತ ಬೈದು ಬಿಡತಾನ. ನಿನ್ನ ಮ್ಯಾಲೆ ಸಿಟ್ಟಾದ್ರ ಈ ಮನ್ಯಾಗ ಮತ್ತ್ಯಾರ ಜೋಡಿ ಮಾತಾಡಾಂವ ಅಂವಾ?" ಮುದುಕಿ ಹೋಳಿಗೆಯ ಬುಟ್ಟಿಗೆ ಅರಿವೆ ಮುಚ್ಚಿದರು. "ಆದ್ರ ಒಂದ ಮಾತು. ನಾ ಬ್ಯಾಡ ಅಂತಿದ್ದೆ ಅಂತ ನಿನಗ ಹೆಂಗ ಗೊತ್ತಾತು? ಕೊಳ್ಳಬಾರದು ಅಂತ ಅದ. ಬಂದದ್ದನ್ನ ತಗದು ನೋಡಬಾರದು ಅಂತ ನಮ್ಮ ಹಿರ್‍ಯಾರು ಯಾರೂ ಹೇಳಿಲ್ಲ."

ಬೇಳೆ ಬಿಟ್ಟ ತಿಂಗಳು ಬಂತು. ಸಪ್ಪೆ ಸಾರು, ಸಪ್ಪೆ ಮನೆ. ಆಕಾಶ ಅಪ್ಪನಿಗೆ ಅಡ್ಡ ಬರುತ್ತಿರಲಿಲ್ಲ, ಅಜ್ಜಿಯನ್ನಂತೂ ಕಣ್ಣೆತ್ತಿ ನೋಡುತ್ತಿರಲಿಲ್ಲ. "ಆಕಾಶಾ, ಮ್ಯಾಲಿನ ಎಣ್ಣಿ ಡಬ್ಬಿ ತಗದು ಕೊಡೋ," ಎಂದು ಅವರು ಕರೆದರೆ ಕೇಳದವನಂತೆ ಹಾದುಹೋದ. ಒಂದು ಸಂಜೆ ಪ್ರವಚನ ನಡೆದಿದ್ದಾಗ ನೀರು ಕುಡಿಯಲು ಬಂದವನು ತಂಗಿಗೆ ಕೇಳುವಂತೆ ಅಂದ, "ಇನ್ನ ಯಾವ ಪಕ್ಷ ಉಳದಾವ ಕೇಳು ಅಜ್ಜಿನ್ನ. ಹಾಳು ಮಾಡಲಿಕ್ಕೆ ಮನ್ಯಾಗ ಇನ್ನೂ ಭಾಳ ಸಾಮಾನು ಅವ."

ಸುಮೇಧಾಳಿಗೂ ನಗು ಬರಲಿಲ್ಲ. ಗೋಪಿಕಾಬಾಯಿ ರಿಮೋಟು ಹುಡುಕಿ ಟೀವಿ ಆರಿಸಿದರು. ಪ್ರವಚನ ಇನ್ನೂ ಅರ್ಧ ಉಳಿದಿತ್ತು. ಅದನ್ನು ನೋಡಿದ ವೃಂದಾ ಗಂಡನಿಗೆ ಹೇಳಿದಳು, "ನಾಳೆ ಆಕಾಶನ ಕರಕೊಂಡು ಹುಬ್ಬಳ್ಳಿಗೆ ಹೋಗತೇನಿ. ಬೋರ್ಡಿಗೆ ಏನರ ದಾರಿ ಅದಯೇನು ನೋಡಕೊಂಡು ಬರತೇವಿ." ಸುಶೀಂದ್ರ ಬೇಡವೆನ್ನಲಿಲ್ಲ.

ಬಸ್ಸು ಶಿಗ್ಗಾಂವಿ ಬಿಟ್ಟು ಗೊಟಗೋಡಿ ದಾಟುವವರೆಗೂ ಅವಳು ತೊಡೆಯ ಮೇಲಿನ ಗಾಜಿನ ಪೆಟ್ಟಿಗೆಯನ್ನು ಹಿಡಿದುಕೊಂಡೇ ಕೂತಿದ್ದಳು. ಹೇಳಿದರೆ ಏನಾಗುತ್ತದೆಂದು ಅವಳಿಗೆ ತಿಳಿದಿತ್ತು. ಮಗನಿಗೆ ಮನೆಯಲ್ಲಿ ಉಳಿದಿದ್ದವಳು ಅವಳೊಬ್ಬಳೇ.

"ಆಕಾಶಾ, ಅಜ್ಜಿ ಬ್ಯಾಡ ಅಂದಿರಲಿಲ್ಲ."

"ಏನು?"

"ಡಬ್ಬಿ ಬಿಚ್ಚೋದು. ನಾ ಅವರಿಗೆ ಕೇಳೇ ಇರಲಿಲ್ಲ. ನಾನ ಹಂಗ ಹೇಳಿದೆ. ಆ ದಿನ ಅವರು ನನ್ನ ಮಾರಿ ನೋಡಿ ತಮ್ಮ ಮ್ಯಾಲೆ ಹಾಕ್ಕೊಂಡ್ರು."

ಅವನು ಅವಳ ಕಡೆ ತಿರುಗಿದ. "ಅಪ್ಪ ನನಗ ಅಷ್ಟು ಅಂದಾಗ ನೀ ಅಲ್ಲೇ ನಿಂತಿದ್ದಿ," ಎಂದ.

"ನಿಂತಿದ್ದೆ."

"ಸುಮ್ಮನ ನಿಂತಿದ್ದಿ."

"ಹೌದಪಾ."

ಆಕಾಶ ಎದ್ದು ಬಸ್ಸಿನ ಬಾಗಿಲ ಹತ್ತಿರ ಹೋಗಿ ಕಂಬಿ ಹಿಡಿದು ನಿಂತ. ತಡಸದಲ್ಲಿ ಸೀಟುಗಳು ಖಾಲಿಯಾದವು. ಅವನು ಬಂದು ಕೂಡಲಿಲ್ಲ. ಹುಬ್ಬಳ್ಳಿ ಬರುವವರೆಗೆ ಹಾಗೇ ಬೆನ್ನು ಮಾಡಿ ನಿಂತಿದ್ದ.

ಬಗ್ಗಿದ ಪಿನ್ನು ನೆಟ್ಟಗಾಗುವುದಿಲ್ಲ ಎಂದ ಅಂಗಡಿಯವನು. ಯಾರೋ ಬಳಸಿ ಬಿಟ್ಟ ಬೋರ್ಡು ಒಂದಿತ್ತು. ಅದರ ಬೆಲೆಗೆ ತಮ್ಮ ಸಾಮಾನಿನಲ್ಲಿ ಯಾವುದನ್ನು ಬಿಟ್ಟುಕೊಡಬೇಕೆಂದು ಆರಿಸುವುದು ಉಳಿದಿತ್ತು. ವೃಂದಾ ಕೈಚೀಲದ ಜಿಪ್ಪಿಗೆ ಕೈ ಹಾಕಿದ್ದನ್ನು ಆಕಾಶ ನೋಡಿ ತಲೆ ಅಲ್ಲಾಡಿಸಿದ. ಗಾಜಿನ ಪೆಟ್ಟಿಗೆಯನ್ನು ಅಂಗಡಿಯವನ ಗಲ್ಲೆಯ ಮೇಲಿಟ್ಟ. ಎರಡು ರ್‍ಯಾಮುಗಳಲ್ಲಿ ಒಂದನ್ನು ಬಿಚ್ಚಿ ಅದರ ಪಕ್ಕಕ್ಕಿಟ್ಟ.

"ಸಾದಾ ತಗಡಿನ ಪೆಟ್ಟಗಿ ಕೊಡ್ರಿ," ಎಂದ. "ದೀಪ ಇಲ್ಲದ್ದು ನಡೀತದ. ದೊಡ್ಡ ಆಟ ಸದ್ಯಕ್ಕ ಬ್ಯಾಡ." ಬೋರ್ಡನ್ನು ಅಲ್ಲೇ ಬಿಚ್ಚಿಸಿ, ಬೆಳಕಿಗೆ ಹಿಡಿದು, ಮೂಲೆ ಮೂಲೆ ನೋಡಿ, ವಿಡಿಯೋ ಮಾಡಿಕೊಂಡ. ಬರುವಾಗ ದಾರಿಯುದ್ದಕ್ಕೂ ತಾಯಿಯ ಪಕ್ಕದಲ್ಲೇ ಕೂತಿದ್ದ, ಆದರೆ ಒಂದು ಮಾತೂ ಆಡಲಿಲ್ಲ.

ಮನೆಗೆ ಬಂದವನು ಚಪ್ಪಲಿ ಬಿಟ್ಟು ನೇರ ಅಜ್ಜಿಯ ಮಣೆಯ ಹತ್ತಿರ ಹೋದ. ವೃಂದಾಗೆ ಅಡಿಗೆಮನೆಯಿಂದ ಎಲ್ಲ ಕೇಳಿಸುತ್ತಿತ್ತು.

"ಅಜ್ಜಿ, ನೀ ಯಾಕ ಸುಳ್ಳು ಹೇಳಿದಿ?"

"ಏಕಾದಶಿ ಮಾಡಿ ಮಾಡಿ ಪುಣ್ಯ ಹೆಚ್ಚಾಗಿತ್ತು. ಸ್ವಲ್ಪ ಖರ್ಚು ಮಾಡಿದೆ."

"ನಾ ನಿನಗ ಏನೇನೋ ಅಂದೆ."

"ನನ್ನ ಕಿವಿ ಅಷ್ಟಕ್ಕಷ್ಟ. ಎಣ್ಣಿ ಡಬ್ಬಿ ತಗದು ಕೊಡು ಈಗ."

ಕುರ್ಚಿ ಎಳೆದ ಸದ್ದಾಯಿತು. ವೃಂದಾ ಆ ಸಂಜೆ ಗಂಡನಿಗೂ ಎಲ್ಲ ಹೇಳಿದಳು. ಸುಶೀಂದ್ರ ಕೇಳಿ ಮುಗಿಸಿ, "ಮೊದಲ ಹೇಳಿದ್ರ ನಾ ಹುಡುಗಗ ಆ ಮಾತು ಅಂತಿರಲಿಲ್ಲ," ಎಂದಷ್ಟೇ ಹೇಳಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ರಾತ್ರಿ ಮಗ ಪಂಕ್ತಿಗೆ ಬಂದು ಅಜ್ಜಿಯ ಮಗ್ಗುಲಲ್ಲಿ ಕೂತ. ಅಪ್ಪ ತಟ್ಟೆ ನೋಡುತ್ತ, "ನೀ ಬಗ್ಗಸಿರಲಿಕ್ಕಿಲ್ಲ," ಎಂದ. ಮಗ ಹೂಂ ಅಂದ. ವೃಂದಾ ಬಡಿಸಲು ಹೋದಾಗ ಮಾತ್ರ ಅಂಗೈ ಅಡ್ಡ ಹಿಡಿದು ಸಾಕೆಂದ. ಬಾಯಿಂದ ಅನ್ನಲಿಲ್ಲ. ವಾರವೆಲ್ಲ ಹಾಗೇ ನಡೆಯಿತು.

ಶಾಲೆಗೆ ರಜೆಯಿದ್ದ ಆಯಿತವಾರ ಇಳಿಹೊತ್ತಿನಲ್ಲಿ ಆಕಾಶ ಪಡಸಾಲೆಯಲ್ಲಿ ಎಲ್ಲವನ್ನೂ ಮತ್ತೆ ಜೋಡಿಸಿದ. ಈ ಸಲ ಒಂದೊಂದು ಸ್ಕ್ರೂವನ್ನೂ ನಿಧಾನವಾಗಿ ತಿರುವಿದ. ಸುಶೀಂದ್ರ ಬ್ಯಾಟರಿ ಹಿಡಿದು ಬೆಳಕು ಬಿಟ್ಟ. ಎಲ್ಲ ಮುಗಿಯುತ್ತ ಬಂದಾಗ ಸುಮೇಧಾ ಗುಂಡಿಯ ಮೇಲೆ ಬೆರಳಿಟ್ಟು, "ಅಮ್ಮಾ, ಈಗ ಚಾಲೂ ಮಾಡಬಹುದೇನು? ಅಜ್ಜಿ ಏನೂ ಅನ್ನೂದುಲ್ಲಲಾ?" ಎಂದಳು.

ಉತ್ತರ ವೃಂದಾಳ ನಾಲಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿದಳು. ಕೈ ಒರೆಸಿಕೊಂಡು ದೇವರ ಕೋಣೆಯ ಬಾಗಿಲಿಗೆ ಹೋಗಿ ನಿಂತಳು.

"ಅತ್ತ್ಯಾರ, ಕಂಪ್ಯೂಟರ್ ಈಗ ಚಾಲೂ ಮಾಡಬಹುದೇನ್ರಿ?"

ಗೋಪಿಕಾಬಾಯಿ ಬತ್ತಿ ಹೊಸೆಯುತ್ತಿದ್ದರು. ತಲೆಯೆತ್ತಿ ಗಡಿಯಾರ ನೋಡಿದರು, ಸೊಸೆಯ ಮುಖವನ್ನೂ ನೋಡಿದರು.

"ಬ್ಯಾಡ," ಎಂದರು. "ರಾಹುಕಾಲ ಅದ. ಆರರ ತನಕ ತಡೀಲಿ."

ಪಡಸಾಲೆಯಲ್ಲಿ ಎಲ್ಲರಿಗೂ ಅದು ಕೇಳಿಸಿತು. ಸುಮೇಧಾ ಬೆರಳು ತೆಗೆದಳು. ಆಕಾಶ ತಗಡಿನ ಪೆಟ್ಟಿಗೆಯೊಳಗೆ ಹಾಕಿದ್ದ ಕೈಯನ್ನು ತೆಗೆಯಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಅಷ್ಟೊತ್ತನಕ ಈ ವಾಯರ್ ಹಿಡಕೋ ಬಾಮ್ಮಾ," ಎಂದ. "ಕಟ್ಟಿ ಬಿಡತೇನಿ."

ವೃಂದಾ ಬಂದು ಅವನ ಎದುರಿಗೆ ನೆಲದ ಮೇಲೆ ಕೂತಳು.

"ಎಲ್ಲಿ ಹಿಡೀಲಿ?" ಎಂದು ಕೇಳಿದಳು.